ವಂದನಾರ್ಪಣೆಯ ಹೊತ್ತಿಗೆ ಇನ್ನೂ ರಸ್ತೆಯಲ್ಲೇ ಇರುವವರ ಪರವಾಗಿ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಸಹಾಯಾರ್ಥ ನಡಿಗೆ, ಓಟ ಮತ್ತು ಸೈಕಲ್ ಜಾಥಾಗಳನ್ನು ಏರ್ಪಡಿಸುವ ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ, ಹಾಗೂ ಅವುಗಳಲ್ಲಿ ಪಾಲ್ಗೊಳ್ಳುವ ನನ್ನ ಊರಿನ ಜನರಿಗೆ.

ಮಾನ್ಯರೇ,

ನಮ್ಮ ಸಭೆ ಸಮಾರಂಭಗಳ ಕೊನೆಯಲ್ಲಿ ವಂದನಾರ್ಪಣೆ ಇರುತ್ತದೆ. ಅಧ್ಯಕ್ಷರಿಗೆ, ಮುಖ್ಯ ಅತಿಥಿಗಳಿಗೆ, ಪ್ರಾಯೋಜಕರಿಗೆ, ಪತ್ರಿಕಾ ಮಿತ್ರರಿಗೆ, ಶಾಮಿಯಾನ ಮತ್ತು ಧ್ವನಿವರ್ಧಕದವರಿಗೆ ಹೆಸರು ಹಿಡಿದು ವಂದಿಸಿದ ಮೇಲೆ, ‘ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ’ ಎಂಬ ಒಂದು ಮಾತಿನಲ್ಲಿ ಉಳಿದವರನ್ನೆಲ್ಲ ಸೇರಿಸಿ ಮುಗಿಸುವುದು ವಾಡಿಕೆ. ಸಹಾಯಾರ್ಥ ನಡಿಗೆ, ಓಟ, ಸೈಕಲ್ ಜಾಥಾಗಳಲ್ಲಿ ಈ ‘ಎಲ್ಲರೂ’ ಎಂದರೆ ಬಹುಪಾಲು ಸ್ವಯಂಸೇವಕರು. ಆ ಮಾತು ಮೈಕಿನಲ್ಲಿ ಬರುವ ಹೊತ್ತಿಗೆ ಅವರು ಮೈದಾನದಲ್ಲಿ ಇರುವುದೇ ಇಲ್ಲ. ಊರಾಚೆಯ ಯಾವುದೋ ತಿರುವಿನಲ್ಲಿ ಕೊನೆಯವರನ್ನು ಕಾಯುತ್ತ ನಿಂತಿರುತ್ತಾರೆ, ಇಲ್ಲವೇ ರಸ್ತೆಬದಿಗೆ ಬಿದ್ದ ಲೋಟಗಳನ್ನು ಆಯ್ದು ಚೀಲಕ್ಕೆ ತುಂಬುತ್ತಿರುತ್ತಾರೆ. ಅವರಿಗೆ ಕೇಳಿಸುವಂತೆ ವಂದನೆ ಹೇಳುವುದಕ್ಕೂ, ಅವರಿಗೆ ಸಲ್ಲಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಓಡಿದವಳಲ್ಲ, ಸೈಕಲ್ ತುಳಿದವಳೂ ಅಲ್ಲ. ನಮ್ಮ ಯಜಮಾನರು ತಮ್ಮ ಕೊನೆಯ ಎರಡು ವರ್ಷ ಡಯಾಲಿಸಿಸ್‌ನಲ್ಲಿದ್ದರು. ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಗಂಟೆ ಅವರ ಪಕ್ಕ ಕುಳಿತಿದ್ದಾಗ ಆಚೀಚೆ ಹಾಸಿಗೆಗಳವರ ಮಾತು ಕಿವಿಗೆ ಬೀಳುತ್ತಿತ್ತು. ಕಳಸದಿಂದ, ಕೊಪ್ಪದಿಂದ, ತರೀಕೆರೆಯ ಆಚೆಯ ಹಳ್ಳಿಗಳಿಂದ ಬರುತ್ತಿದ್ದ ಆ ಜನರಿಗೆ ಯಂತ್ರದ ಖರ್ಚಿಗಿಂತ ಬಸ್ಸಿನ ಖರ್ಚು, ಜೊತೆಗೆ ಬಂದವರು ಕಳೆದುಕೊಂಡ ದಿನಗೂಲಿ, ಹೊರಗಿನಿಂದ ತರಬೇಕಾದ ಚುಚ್ಚುಮದ್ದು, ಇವೇ ಭಾರವಾಗಿದ್ದವು. ಅಂಥ ಕುಟುಂಬಗಳ ಓಡಾಟದ ವೆಚ್ಚಕ್ಕೆಂದು ಹಣ ಕೂಡಿಸುವ ನಡಿಗೆಯೊಂದು ನಮ್ಮ ಊರಿನಲ್ಲಿ ನಡೆಯಲಿದೆ ಎಂದು ತಿಳಿದಾಗ, ಅರವತ್ತೆರಡನೆಯ ವಯಸ್ಸಿನಲ್ಲಿ, ಎಡ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹೆಸರು ಕೊಟ್ಟೆ.

ಅದು ಜನವರಿಯ ಒಂದು ಭಾನುವಾರ. ಹಿರೇಕೊಳಲೆ ಕಡೆಯ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ ಹಿಂದಿರುಗುವ ನಡಿಗೆ. ಬೆಳಗಿನ ಆರೂವರೆಗೆ ಬಾವುಟ ಬೀಸಿದಾಗ ಗುಂಪಿನ ನಡುವೆ ಇದ್ದವಳು, ಎರಡನೆಯ ಕಿಲೋಮೀಟರ್ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದೆ, ನಾಲ್ಕನೆಯದರಲ್ಲಿ ಒಬ್ಬಳೇ ಆಗಿದ್ದೆ. ಮಂಜು ಇನ್ನೂ ಕರಗಿರಲಿಲ್ಲ. ಕಾಫಿ ಹಣ್ಣು ಕಣದಲ್ಲಿ ಒಣಗುವ ಕಾಲದ ಹುಳಿ ವಾಸನೆ ಗಾಳಿಯಲ್ಲಿತ್ತು. ಎದುರಿನಿಂದ ಮರಳುತ್ತಿದ್ದ ಕೊನೆಯ ಗುಂಪೂ ನನ್ನನ್ನು ದಾಟಿ ಹೋದ ಮೇಲೆ, ಇನ್ನು ಮುಂದೆ ಹೋದರೆ ಅಲ್ಲಿ ಯಾರೂ ಇರಲಾರರು, ಇಲ್ಲಿಂದಲೇ ತಿರುಗಿಬಿಡೋಣ ಎಂದು ಒಂದು ಮೋರಿಯ ಕಟ್ಟೆಯ ಮೇಲೆ ಕುಳಿತೆ. ಮಂಜಿನ ಒಳಗಿನಿಂದ ಒಂದು ಸೀಟಿ ಕೇಳಿಸಿತು, ಆಮೇಲೆ ಒಂದು ದನಿ: ‘ಅಮ್ಮಾ, ಇನ್ನು ನೂರು ಹೆಜ್ಜೆ ಅಷ್ಟೇ. ನಿಧಾನ ಬನ್ನಿ, ನಾವಿದ್ದೀವಿ.’

ತಿರುವಿನಲ್ಲಿ ಒಂದು ಮೇಜು, ಮೇಜಿನ ಹಿಂದೆ ಪ್ರಥಮ ದರ್ಜೆ ಕಾಲೇಜಿನ ಇಬ್ಬರು ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಬಹುತೇಕ ಖಾಲಿಯಾಗಿ, ಇಟ್ಟಿಗೆಯೊಂದಕ್ಕೆ ಒರಗಿ ಓರೆಯಾಗಿ ನಿಂತಿತ್ತು. ಆ ಹುಡುಗಿಯ ಬೆರಳ ತುದಿಗಳು ಬಟ್ಟೆ ಒಗೆದು ಬಂದವರ ಬೆರಳಿನಂತೆ ಬಿಳಿಚಿ ಸುಕ್ಕುಗಟ್ಟಿದ್ದವು. ಐದು ಗಂಟೆಯಿಂದ ಆ ಕೊರೆಯುವ ನೀರಿನಲ್ಲಿ ಲೋಟ ತುಂಬಿ ಜೋಡಿಸುತ್ತಿದ್ದಳಂತೆ. ಮನೆಯಿಂದ ತಂದ ಫ್ಲಾಸ್ಕಿನಿಂದ ನನಗೆ ಬಿಸಿನೀರು ಬಗ್ಗಿಸಿ ಕೊಟ್ಟಳು. ಮೇಜಿನ ಮೇಲೆ ಒಂದು ರಟ್ಟಿನ ಚೂರು ಇತ್ತು. ಅದರ ಮೇಲೆ ಪೆನ್ನಿನಲ್ಲಿ ನಾಲ್ಕು ನೇರ ಗೆರೆ, ಅಡ್ಡಕ್ಕೆ ಒಂದು ಗೆರೆ, ಹೀಗೆ ಐದೈದರ ಕಟ್ಟುಗಳು ಸಾಲು ಸಾಲಾಗಿದ್ದವು. ತಿರುವು ಮುಟ್ಟಿದ ಪ್ರತಿಯೊಬ್ಬರಿಗೂ ಒಂದು ಗೆರೆ. ‘ಇನ್ನು ಮೂರು ಜನ ಬರಬೇಕಿತ್ತು, ನೀವು ಬಂದ್ರಿ, ಇನ್ನಿಬ್ಬರು,’ ಎಂದು ನನ್ನ ಗೆರೆ ಎಳೆದಳು. ಎಲ್ಲರೂ ಹೋಗಿಯಾಯಿತಲ್ಲ, ನೀವೂ ಹೊರಡಬಹುದಿತ್ತಲ್ಲ ಎಂದು ಕೇಳಿದೆ. ‘ಲೆಕ್ಕ ಮುಗೀದೆ ಹೆಂಗೆ ಹೋಗೋದು ಮೇಡಂ?’ ಎಂದಳು. ಮೂವತ್ತೊಂದು ವರ್ಷ ಹಾಜರಾತಿ ಕರೆದವಳು ನಾನು. ಇಷ್ಟು ಜೋಪಾನವಾಗಿ ಬರೆದ ಹಾಜರಾತಿಯನ್ನು ಅಂದು ಮೊದಲ ಸಲ ನೋಡಿದೆ.

ನಾನು ಮೈದಾನಕ್ಕೆ ಮರಳಿದಾಗ ಒಂಬತ್ತೂವರೆ. ವಂದನಾರ್ಪಣೆ ಒಂಬತ್ತಕ್ಕೇ ಮುಗಿಯಿತೆಂದು ಅಲ್ಲಿ ಕಾದಿದ್ದ ನನ್ನ ಮಗಳು ಹೇಳಿದಳು. ಶಾಮಿಯಾನದವರು ಹಗ್ಗ ಬಿಚ್ಚುತ್ತಿದ್ದರು. ನನಗೇನೂ ಕೊರತೆಯಾಗಲಿಲ್ಲ, ಪದಕ ಸಿಕ್ಕಿತು, ಉಪ್ಪಿಟ್ಟು, ಕೇಸರಿಬಾತು ಇನ್ನೂ ಇತ್ತು. ಆದರೆ ಆ ಇಬ್ಬರು ಮಕ್ಕಳನ್ನು ಕಂಡು ಹೋಗಬೇಕೆಂದು ಮಗಳನ್ನು ಅಲ್ಲೇ ನಿಲ್ಲಿಸಿಕೊಂಡೆ. ಅವರು ಬಂದದ್ದು ಹತ್ತೂಮುಕ್ಕಾಲಿಗೆ, ಗೂಡ್ಸ್ ಆಟೋದ ಹಿಂಬದಿಯಲ್ಲಿ, ಖಾಲಿ ಕ್ಯಾನ್‌ಗಳ ನಡುವೆ ಕುಳಿತು. ಅಷ್ಟರಲ್ಲಿ ಪಾತ್ರೆಗಳು ತೊಳೆದಾಗಿದ್ದವು. ಹುಡುಗಿ ಇಳಿದವಳೇ ರಟ್ಟಿನ ಚೂರನ್ನು ಹಿಡಿದು, ಅದನ್ನು ಯಾರಿಗೆ ಒಪ್ಪಿಸಬೇಕು ಎಂದು ಮೈದಾನದಲ್ಲೆಲ್ಲ ಹುಡುಕಿದಳು. ಕೇಳುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಆ ಸಂಘಟಕರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರೂ ತಿಂಗಳುಗಟ್ಟಲೆ ನಿದ್ದೆಗೆಟ್ಟವರೇ, ಕೂಡಿದ ಹಣ ಸೇರಬೇಕಾದವರಿಗೆ ಸೇರಿತು ಎಂಬುದನ್ನೂ ನಾನು ಬಲ್ಲೆ. ಸ್ವಯಂಸೇವಕರು ತಾವಾಗಿಯೇ ಬಂದವರು, ಅವರಿಗೇನೂ ಬೇಕಾಗಿಲ್ಲ ಎಂಬ ಭಾವನೆ ನಮ್ಮೆಲ್ಲರಲ್ಲೂ ಬೇರೂರಿದೆ. ಅದು ಸರಿಯಲ್ಲ ಎಂದು ನನಗೆ ಚೆನ್ನಾಗಿ ಅರ್ಥವಾದದ್ದು ಮರುವರ್ಷ, ನಾನೇ ರಸ್ತೆಬದಿಯಲ್ಲಿ ನಿಂತಾಗ.

ಅದು ಬೇರೊಂದು ಸಂಸ್ಥೆ ಏರ್ಪಡಿಸಿದ್ದ ಸೈಕಲ್ ಜಾಥಾ, ಕೈಮರದಿಂದ ಮೇಲಕ್ಕೆ ಗಿರಿಯ ರಸ್ತೆಯಲ್ಲಿ. ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ, ಆ ಕಡೆ ಏರುವ ರಸ್ತೆಯ ತಿರುವುಗಳನ್ನು ಈ ಊರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಹತ್ತುವಾಗ ಸೈಕಲ್ ಸವಾರರಿಗೆ ಬೇಕಾದದ್ದು ನೀರು ಮತ್ತು ನಾಲ್ಕು ಒಳ್ಳೆಯ ಮಾತು. ಇಳಿಯುವಾಗ ಮಾತ್ರ ಅವರ ಜೀವ ತಿರುವಿನಲ್ಲಿ ನಿಂತವರ ಕೈಯಲ್ಲಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಮಂಜಿನಲ್ಲಿ ಕಣ್ಣಿಗೆ 20 ಮೀಟರ್ ಮಾತ್ರ ಕಾಣುತ್ತಿದ್ದರೆ, ಎದುರಿಗೆ ಏನಿದೆ ಎಂದು ತಿಳಿದು ಬ್ರೇಕ್ ಹಿಡಿಯಲು ಸವಾರನಿಗೆ ಎರಡು ಸೆಕೆಂಡು ಕೂಡ ಸಿಗುವುದಿಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ ಚೀಲ ಹೊತ್ತ ಪಿಕಪ್‌ಗಳು ತೋಟದೊಳಗಿನಿಂದ ತಟ್ಟನೆ ರಸ್ತೆಗೆ ಬರುತ್ತವೆ, ಟ್ರ್ಯಾಕ್ಟರಿನ ಚಕ್ರದಿಂದ ಉದುರಿದ ಕೆಂಪು ಮಣ್ಣು ಇಬ್ಬನಿಗೆ ನೆನೆದು ಜಾರುತ್ತದೆ, ಭಾನುವಾರ ಬೆಳಗ್ಗೆ ಏಳರ ಮೇಲೆ ಪ್ರವಾಸಿಗರ ಕಾರುಗಳು ಸಾಲುಗಟ್ಟುತ್ತವೆ. ನಮ್ಮ ಕೈಗೆ ಒಂದು ಕೆಂಪು ಬಾವುಟ, ಒಂದು ಸೀಟಿ ಕೊಟ್ಟಿದ್ದರೇ ಹೊರತು ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಕೆಳಗಿನ ತಿರುವಿನಲ್ಲಿದ್ದ ಹುಡುಗ ಮತ್ತು ನಾನು ನಮ್ಮ ನಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡೆವು: ಒಂದು ಸೀಟಿ ಊದಿದರೆ ಮೇಲಿನಿಂದ ಸೈಕಲ್, ಎರಡು ಊದಿದರೆ ಕೆಳಗಿನಿಂದ ವಾಹನ. ಆರು ಗಂಟೆಗಳ ಕಾಲ ಆ ಸೀಟಿಗಳೇ ನಮ್ಮ ಸಂಭಾಷಣೆ.

ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಅಲ್ಲಿ ಬಿಟ್ಟಿದ್ದಾರೆ ಎಂಬುದನ್ನೇ ಸಂಘಟಕರು ಮರೆತಿದ್ದರು. ತಿಂಡಿ ಬರಲಿಲ್ಲ. ಕರೆದೊಯ್ಯುವ ವಾಹನವೂ ಬರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ನನ್ನ ಜೊತೆಗಿದ್ದ ಇಪ್ಪತ್ತರ ಹುಡುಗಿ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಯಾಕೆಂದು ಗದರಿ ಕೇಳಿದಾಗ ತಲೆ ತಗ್ಗಿಸಿದಳು. ಅಲ್ಲೆಲ್ಲೂ ಶೌಚಾಲಯ ಇರಲಿಲ್ಲ, ಸಾವಿರಾರು ಸವಾರರಿಗೆ ನೀರು ಹಂಚಿದ ಮೇಜಿನ ಹಿಂದೆ ಅವಳು ಬಾಯಾರಿಕೊಂಡು ನಿಂತಿದ್ದಳು. ಈ ಸಾಲನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ತಾಯಿ ನಮ್ಮನ್ನು ಕಂಡು, ಕೇಳದೆಯೇ ಅರ್ಥ ಮಾಡಿಕೊಂಡು, ಆ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದಳು. ಬರುವಾಗ ಇಬ್ಬರಿಗೂ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ತಂದಳು. ಆ ದಿನದ ಸ್ವಯಂಸೇವಕರ ಪಟ್ಟಿ ಯಾರಾದರೂ ಬರೆಯುವುದಿದ್ದರೆ ಅವಳ ಹೆಸರೂ ಅದರಲ್ಲಿ ಇರಬೇಕಿತ್ತು.

ಅದೇ ದಿನ ಕೆಳಗಿನ ತಿರುವಿನಲ್ಲಿ ಒಬ್ಬ ಸವಾರ ಜಾರಿ ಬಿದ್ದ. ಸೀಟಿ ಊದುತ್ತಿದ್ದ ಹುಡುಗ ಓಡಿ ಹೋದವನು ಎರಡು ಅಡಿ ದೂರದಲ್ಲೇ ನಿಂತುಬಿಟ್ಟ. ‘ಮುಟ್ಟಿದ್ರೆ ಪೊಲೀಸ್ ಕೇಸ್ ಆಗುತ್ತಾ ಮೇಡಂ?’ ಎಂದು ಕೇಳಿದ ಅವನ ಮುಖ ನನಗೆ ಮರೆಯುವುದಿಲ್ಲ. ಅಪಘಾತದಲ್ಲಿ ನೆರವಾದವರನ್ನು ಕಾಯುವ ಕಾಯ್ದೆಯನ್ನು ಕರ್ನಾಟಕ 2016ರಲ್ಲೇ ರೂಪಿಸಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು, ಸದ್ಭಾವನೆಯಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ ಎನ್ನುತ್ತದೆ, ತನ್ನ ಹೆಸರು ಹೇಳಬೇಕೆಂದು ನೆರವಾದವನನ್ನು ಒತ್ತಾಯಿಸುವಂತೆಯೂ ಇಲ್ಲ. ಇಷ್ಟನ್ನು ಆ ಹುಡುಗನಿಗೆ ಹಿಂದಿನ ದಿನ ಐದು ನಿಮಿಷ ಕೂರಿಸಿ ಹೇಳಿದ್ದರೆ ಅವನು ಆ ಎರಡು ಅಡಿ ದೂರದಲ್ಲಿ ನಿಲ್ಲುತ್ತಿರಲಿಲ್ಲ. ಸವಾರನಿಗೆ ದೊಡ್ಡ ಪೆಟ್ಟಾಗಿರಲಿಲ್ಲ, ಮೊಣಕೈ ತರಚಿತ್ತು ಅಷ್ಟೇ. ಅದು ನಮ್ಮೆಲ್ಲರ ಅದೃಷ್ಟ.

ಸ್ವಯಂಸೇವಕರ ಕೆಲಸ ಕೈಗೆ ಲೋಟ ಕೊಡುವುದಷ್ಟೇ ಎಂದು ತಿಳಿದವರಿಗಾಗಿ ಇದನ್ನು ತುಸು ವಿವರವಾಗಿ ಹೇಳುತ್ತೇನೆ. ಓಡುವವರು, ನಡೆಯುವವರು ತಮ್ಮ ಸ್ಥಿತಿಯನ್ನು ತಾವೇ ತಿಳಿಯಲಾರದ ಒಂದು ಘಟ್ಟ ಬರುತ್ತದೆ, ಆಗ ಅವರ ಮುಖ ನೋಡಿ ಹೇಳಬೇಕಾದವರು ನೀರಿನ ಮೇಜಿನವರು. ಬೆವರಿನಲ್ಲಿ ನೀರಿನ ಜೊತೆಗೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ನಡೆಯುವ ನಿಧಾನಗತಿಯವರು ಬಾಯಾರಿಕೆಯಿಲ್ಲದಿದ್ದರೂ ಪ್ರತಿ ಮೇಜಿನಲ್ಲೂ ಬರೀ ನೀರು ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ, ವಾಂತಿ, ತಲೆನೋವು, ಗಲಿಬಿಲಿ ಶುರುವಾಗುತ್ತದೆ, ಅತಿಯಾದರೆ ಜೀವಕ್ಕೇ ಅಪಾಯ. ಹೂಮಳೆಯನ್ನು ಕಾಯುವ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಓಟವಿದ್ದರೆ ಇದರ ಬದಿಗೆ ಬಿಸಿಲಿನ ಹೊಡೆತವೂ ಸೇರುತ್ತದೆ. ಮಾತು ತೊದಲುವುದು, ದಿಕ್ಕು ತಪ್ಪಿದವರಂತೆ ಅಡ್ಡಾದಿಡ್ಡಿ ಹೆಜ್ಜೆ ಹಾಕುವುದು ಕಂಡರೆ ಅವರನ್ನು ಅಲ್ಲೇ ತಡೆದು, ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, 108ಕ್ಕೆ ಕರೆ ಮಾಡಬೇಕು. ಎದೆಬಡಿತವೇ ನಿಂತು ಕುಸಿದವರಿಗೆ ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಎರಡೂ ಕೈಯಿಂದ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತುತ್ತಿರಬೇಕು. ಕಲಿತರೆ ಹದಿನೆಂಟರ ಹುಡುಗಿಯೂ ಇದನ್ನು ಮಾಡಬಲ್ಲಳು. ಕಲಿಸದೆ ಆ ತಿರುವಿನಲ್ಲಿ ಅವಳನ್ನು ನಿಲ್ಲಿಸುವುದು ಅವಳಿಗೂ ಅನ್ಯಾಯ, ಓಡುವವರಿಗೂ ಅನ್ಯಾಯ.

ಸಹಾಯಾರ್ಥ ಓಟ ಎಂದೊಡನೆ ಜಗತ್ತಿನಲ್ಲಿ ಬಹಳ ಜನ ನೆನೆಯುವುದು ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣನನ್ನು. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಅವನು ಕೃತಕ ಕಾಲಿನಲ್ಲಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು, 1980ರ ಏಪ್ರಿಲ್ 12ರಂದು ಓಡಲು ಹೊರಟು 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ರೋಗ ಶ್ವಾಸಕೋಶಕ್ಕೆ ಹಬ್ಬಿ ಓಟ ನಿಂತಿತು, ಮರುವರ್ಷ ಜೂನ್‌ನಲ್ಲಿ ಅವನು ತೀರಿಕೊಂಡ. ಶಾಲೆಯಲ್ಲಿ ಮಕ್ಕಳಿಗೆ ನಾನು ಈ ಕಥೆ ಹೇಳುತ್ತಿದ್ದಾಗ ಅವನ ಗೆಳೆಯ ಡಗ್ ಆಲ್ವರ್ಡ್‌ನ ಹೆಸರನ್ನು ಬಿಟ್ಟೇಬಿಡುತ್ತಿದ್ದೆ. ವ್ಯಾನ್ ನಡೆಸಿಕೊಂಡು, ಮುಂದೆ ಹೋಗಿ ನಿಂತು ಕಾಯುತ್ತ, ನೀರು ಕೊಡುತ್ತ, ಅಡುಗೆ ಮಾಡಿ ಹಾಕುತ್ತ ಆ ಓಟದ ಜೊತೆಗಿದ್ದವನು ಆತ. ಅವನಿಲ್ಲದೆ ಆ ಓಟ ಒಂದು ವಾರವೂ ಸಾಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ತಿರುವಿನಲ್ಲಿ ನಿಂತು ಬಂದ ಮೇಲೆ ಅವನ ಹೆಸರನ್ನು ಸೇರಿಸದೆ ಆ ಕಥೆಯನ್ನು ಯಾರಿಗೂ ಹೇಳಿಲ್ಲ.

ಹಣದ ಮಾತನ್ನೂ ಹೇಳಬೇಕು. ನೂರು ಜನ ಸ್ವಯಂಸೇವಕರು ತಲಾ ಆರು ಗಂಟೆ ನಿಂತರೆ 600 ಗಂಟೆಗಳ ದುಡಿಮೆ. ಅಷ್ಟು ಕೆಲಸಕ್ಕೆ ಕೂಲಿ ಕೊಟ್ಟು ಜನರನ್ನು ತರಿಸಿದ್ದರೆ ಆ ಹಣ ನೋಂದಣಿ ಶುಲ್ಕದಿಂದಲೇ ಹೋಗಬೇಕಿತ್ತು, ಅಂದರೆ ಡಯಾಲಿಸಿಸ್‌ಗೆ ಬರುವ ಕಳಸದ ಮನುಷ್ಯನ ಬಸ್ಸಿನ ಚಾರ್ಜಿನಿಂದ ಹೋಗಬೇಕಿತ್ತು. ದಾನಿಗಳ ಹೆಸರು ಫಲಕದ ಮೇಲೆ ಬರೆಯುತ್ತೀರಿ. ಈ 600 ಗಂಟೆಗಳೂ ದಾನವೇ.

ಇನ್ನು ನನ್ನ ಕೋರಿಕೆಗಳು. ಮಾನ್ಯ ಜಿಲ್ಲಾಧಿಕಾರಿಗಳೇ, ಇಂಥ ಕಾರ್ಯಕ್ರಮಕ್ಕೆ ರಸ್ತೆ ಬಳಸಲು ಅನುಮತಿ ಬೇಡಿ ಬರುವ ಅರ್ಜಿಯಲ್ಲಿ ಮಾರ್ಗ, ಸಮಯ, ಆಂಬುಲೆನ್ಸ್, ಪೊಲೀಸ್ ಬಂದೋಬಸ್ತಿನ ವಿವರ ಕೇಳಲಾಗುತ್ತದೆ. ಅದರ ಜೊತೆಗೆ ಸ್ವಯಂಸೇವಕರ ಬಗ್ಗೆ ಒಂದು ಪುಟ ಸೇರಿಸಲು ಸೂಚಿಸಬೇಕೆಂದು ತಮ್ಮಲ್ಲಿ ವಿನಂತಿ: ಎಷ್ಟು ಜನ, ಯಾವ ತಿರುವಿನಲ್ಲಿ, ಎಷ್ಟು ಹೊತ್ತು, ಅವರಿಗೆ ತಿಂಡಿ ಮತ್ತು ನೀರು ತಲುಪಿಸುವವರು ಯಾರು, ಹತ್ತಿರದ ಶೌಚಾಲಯ ಎಲ್ಲಿ, ಮರಳಿ ಕರೆತರುವ ವಾಹನ ಯಾವುದು, ಅಂದಿನ ಮಟ್ಟಿಗೆ ಅವರಿಗೆ ಅಪಘಾತ ವಿಮೆ ಮಾಡಿಸಲಾಗಿದೆಯೇ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ನಡೆಸುವವರು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ ಕಸ ವಿಂಗಡಣೆಯ ಹೊಣೆ ಹೊರಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದ್ದವು. ಕಸದ ಬಗ್ಗೆ ಲಿಖಿತ ಭರವಸೆ ಪಡೆಯಲು ಸಾಧ್ಯವಿರುವಾಗ ಮನುಷ್ಯರ ಬಗ್ಗೆಯೂ ಅದು ಸಾಧ್ಯ. ಗಿರಿಯ ರಸ್ತೆಯಲ್ಲಿ ಸೈಕಲ್ ಜಾಥಾ ಇದ್ದ ದಿನ ಇಳಿಯುವ ಹೊತ್ತಿನಲ್ಲಾದರೂ ಪ್ರವಾಸಿ ವಾಹನಗಳನ್ನು ಕೈಮರದ ತಪಾಸಣಾ ಠಾಣೆಯಲ್ಲಿ ತಡೆದು ತಂಡ ತಂಡವಾಗಿ ಬಿಡುವ ವ್ಯವಸ್ಥೆ ಆದರೆ, ಬಾವುಟ ಹಿಡಿದು ನಿಂತ ಮಕ್ಕಳು ಬೈಗುಳ ತಿನ್ನುವುದು ತಪ್ಪುತ್ತದೆ. ‘ರಸ್ತೆ ನಿಮ್ಮಪ್ಪಂದಾ?’ ಎಂಬ ಪ್ರಶ್ನೆಯನ್ನು ಆ ಒಂದು ಬೆಳಗ್ಗೆ ನಾನೇ ನಾಲ್ಕು ಸಲ ಕೇಳಿಸಿಕೊಂಡೆ.

ಕಾಲೇಜುಗಳ ಪ್ರಾಂಶುಪಾಲರಿಗೂ ಎನ್‌ಎಸ್‌ಎಸ್ ಅಧಿಕಾರಿಗಳಿಗೂ ಒಂದು ಮಾತು. 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’ ಎಂಬುದು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಅದರ ನಿಯಮ. ಗಂಟೆ ತುಂಬಿಸಲೆಂದು ಇಷ್ಟವಿಲ್ಲದ ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ಕಳಿಸಬೇಡಿ, ಬಂದ ಮಕ್ಕಳ ಗಂಟೆಗಳನ್ನು ಬೆಳಗಿನ ಜಾವ ಮನೆ ಬಿಟ್ಟ ಹೊತ್ತಿನಿಂದ ಎಣಿಸಿ. ನಮ್ಮ ಹುಡುಗಿ ಎದ್ದದ್ದು ಮೂರೂವರೆಗೆ. ಅವಳ ಪುಸ್ತಕದಲ್ಲಿ ಬರೆದದ್ದು ಮೂರು ಗಂಟೆಯ ಸೇವೆ ಎಂದು ಆಮೇಲೆ ತಿಳಿಯಿತು.

ಸಂಘಟಕ ಮಿತ್ರರೇ, ನಿಮ್ಮಲ್ಲಿ ನಾನು ಬೇಡುವುದು ಹೆಚ್ಚಿಲ್ಲ. ಹಿಂದಿನ ಸಂಜೆ ಒಂದು ಗಂಟೆ ಎಲ್ಲ ಸ್ವಯಂಸೇವಕರನ್ನು ಕೂರಿಸಿ, ಒಬ್ಬ ವೈದ್ಯರಿಂದಲೋ ದಾದಿಯರಿಂದಲೋ ಪ್ರಥಮ ಚಿಕಿತ್ಸೆ ಕಲಿಸಿ. ಪ್ರತಿ ತಿರುವಿಗೆ ಒಂದು ಫೋನ್ ಸಂಖ್ಯೆ, ಸಿಗ್ನಲ್ ಇಲ್ಲದ ಕಡೆ ಗಂಟೆಗೊಮ್ಮೆ ಸುತ್ತುವ ಒಂದು ಬೈಕು ಇರಲಿ. ತಿಂಡಿಯನ್ನು ಮೊದಲು ಅವರ ಪಾಲಿಗೆ ತೆಗೆದಿಟ್ಟು ಉಳಿದದ್ದನ್ನು ಮೈದಾನದಲ್ಲಿ ಬಡಿಸಿ. ಹಣ್ಣು, ಮಜ್ಜಿಗೆ, ಬಿಸಿ ಕಾಫಿ, ಇವು ನಮ್ಮ ಜಿಲ್ಲೆಯಲ್ಲಿ ಹುಟ್ಟದ ಪದಾರ್ಥಗಳೇನಲ್ಲ, ಕೇಳಿದರೆ ರಸ್ತೆಬದಿಯ ತೋಟದವರೇ ಕೊಡುತ್ತಾರೆ. ಟಿ-ಶರ್ಟಿನ ಅಳತೆ ಕೇಳಿ ಕೊಡಿ. ಎಲ್ಲರಿಗೂ ದೊಡ್ಡ ಅಳತೆಯದನ್ನೇ ಹಂಚಿ, ಹುಡುಗಿಯರು ಅದರ ತೋಳು ಮಡಚಿ ಪಿನ್ನು ಹಾಕಿಕೊಂಡು ಚಳಿಯಲ್ಲಿ ನಿಲ್ಲುವಂತಾಗಬಾರದು. ಮತ್ತು ವಂದನಾರ್ಪಣೆಯನ್ನು ಕೊನೆಯ ಸ್ವಯಂಸೇವಕ ಮೈದಾನಕ್ಕೆ ಮರಳುವವರೆಗೆ ತಡೆಹಿಡಿಯಿರಿ. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿದ್ದರೆ ಅವರು ಹೋಗಲಿ, ವೇದಿಕೆ ಇರಲಿ. ಒಬ್ಬೊಬ್ಬರ ಹೆಸರನ್ನೂ ಅವರು ನಿಂತ ಜಾಗವನ್ನೂ ಮೈಕಿನಲ್ಲಿ ಓದಿ. ನೂರು ಹೆಸರು ಓದಲು ಹತ್ತು ನಿಮಿಷ ಸಾಕು.

ಓಡುವವರಲ್ಲಿ, ನಡೆಯುವವರಲ್ಲಿ, ಸೈಕಲ್ ತುಳಿಯುವವರಲ್ಲಿ ನನ್ನ ವಿನಂತಿ ಬೇರೆ. ನೀವು ದುಡ್ಡು ಕೊಟ್ಟು ಹೆಸರು ನೋಂದಾಯಿಸಿದ್ದೀರಿ ನಿಜ, ಆದರೆ ಆ ದುಡ್ಡು ರೋಗಿಗೆ ಹೋಗುತ್ತದೆಯೇ ಹೊರತು ನೀರು ಕೊಟ್ಟ ಹುಡುಗನಿಗಲ್ಲ. ಲೋಟವನ್ನು ಅವನ ಕಾಲಬುಡಕ್ಕೆ ಎಸೆಯದೆ ಬುಟ್ಟಿಗೆ ಹಾಕಿ. ಬಾಳೆಹಣ್ಣಿನ ಸಿಪ್ಪೆ ರಸ್ತೆಯ ಮೇಲೆ ಬಿದ್ದರೆ ಹಿಂದೆ ಬರುವ ಸೈಕಲ್ಲಿಗೆ ಏನಾಗುತ್ತದೆಂದು ಯೋಚಿಸಿ. ನಿಮ್ಮ ಸಮಯ ಅರ್ಧ ನಿಮಿಷ ತಡವಾಯಿತೆಂದು ನಂಬರ್ ಬರೆದುಕೊಳ್ಳುವವರ ಮೇಲೆ ರೇಗಬೇಡಿ. ದಾಟುವಾಗ ಉಸಿರಿದ್ದರೆ ಒಂದು ಮಾತು, ಉಸಿರಿಲ್ಲದಿದ್ದರೆ ಒಂದು ಕೈಸನ್ನೆ. ನಿಂತು ನಿಂತು ಕಾಲು ಜೋಮು ಹಿಡಿದವರಿಗೆ ಅದು ಎಷ್ಟು ದೊಡ್ಡದು ಎಂಬುದನ್ನು ನಾನು ನಿಂತು ತಿಳಿದಿದ್ದೇನೆ. ಎರಡು ವರ್ಷಕ್ಕೊಮ್ಮೆಯಾದರೂ ಓಡುವುದನ್ನು ಬಿಟ್ಟು ಮೇಜಿನ ಈಚೆಗೆ ಬಂದು ನಿಲ್ಲಿ.

ನಡಿಗೆಯ ಹಿಂದಿನ ರಾತ್ರಿ, ಎದೆಗೆ ಚುಚ್ಚಿಕೊಳ್ಳುವ ಬಿಬ್ ನಂಬರ್‌ಗಳನ್ನು ಕ್ರಮವಾಗಿ ಜೋಡಿಸಿ ಪಿನ್ನುಗಳನ್ನು ಎಣಿಸಿ ಕವರಿಗೆ ತುಂಬಿದವರು, ಕೊನೆಯ ನಡಿಗೆಯವರ ಹಿಂದೆಯೇ ಅವರ ವೇಗಕ್ಕೆ ತಕ್ಕಂತೆ ಸೈಕಲ್ ತಳ್ಳಿಕೊಂಡು ಬಂದವರು, ಬಾಡಿಗೆ ಬಿಟ್ಟು ನೀರಿನ ಕ್ಯಾನ್ ಸಾಗಿಸಿದ ಆಟೋದವರು, ಭಾನುವಾರದ ರಜೆ ಬಿಟ್ಟು ಬಂದ ಗೃಹರಕ್ಷಕರು, ಮನೆಯ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು ಪ್ರತಿಯೊಬ್ಬರಿಗೂ ಚಪ್ಪಾಳೆ ತಟ್ಟಿದ ಆ ಎಂಬತ್ತರ ಹಿರಿಯರು, ನಿಮಗೆಲ್ಲ ನನ್ನ ನಮಸ್ಕಾರ. ನಿಮ್ಮಲ್ಲಿ ಎಷ್ಟೋ ಜನರ ಹೆಸರು ನನಗೆ ತಿಳಿಯದು, ಮುಖ ಮರೆತಿಲ್ಲ.

ವಿಶ್ವಸಂಸ್ಥೆ 1985ರಲ್ಲಿ ಡಿಸೆಂಬರ್ 5ನ್ನು ಸ್ವಯಂಸೇವಕರ ದಿನವೆಂದು ಗೊತ್ತುಮಾಡಿದೆ. ಈ ವರ್ಷ ಆ ದಿನ ಜಿಲ್ಲೆಯ ಎಲ್ಲ ನಡಿಗೆ, ಓಟ, ಸೈಕಲ್ ಜಾಥಾಗಳ ಸ್ವಯಂಸೇವಕರನ್ನು ಒಂದು ಕಡೆ ಕರೆಯಿರಿ ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ. ಶಾಲು, ಹಾರ ಬೇಡ. ಅವರನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರಿಸಿ, ಯಾವ ತಿರುವಿನಲ್ಲಿ ಏನು ಕಷ್ಟವಾಯಿತು, ಮುಂದಿನ ಸಲ ಏನು ಬದಲಾಗಬೇಕು ಎಂದು ಅವರ ಬಾಯಿಂದಲೇ ಕೇಳಿ, ಕೇಳಿದ್ದನ್ನು ಬರೆದುಕೊಳ್ಳಿ. ಅನುಮತಿಯ ಷರತ್ತುಗಳಲ್ಲಿ ಏನೇನಿರಬೇಕೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಭೆ ಬೇರೆ ಸಿಗದು.

ಆ ರಟ್ಟಿನ ಚೂರನ್ನು ಕೊನೆಗೆ ನಾನೇ ಆ ಹುಡುಗಿಯಿಂದ ಕೇಳಿ ಪಡೆದೆ. ಅದು ಈಗ ನನ್ನ ಮೇಜಿನ ಮೇಲಿದೆ. ಕೊನೆಯ ಕಟ್ಟಿನ ಅಡ್ಡಗೆರೆಯ ಪಕ್ಕದಲ್ಲಿ, ಅವಳ ಪುಟ್ಟ ಅಕ್ಷರದಲ್ಲಿ, ‘ಎಲ್ಲರೂ ಬಂದರು, 9.05’ ಎಂದು ಬರೆದಿದೆ. ಡಿಸೆಂಬರ್ 5ರ ಸಭೆ ಕರೆದರೆ ಅದನ್ನು ತಂದು ತಮ್ಮ ಕೈಗೆ ಒಪ್ಪಿಸುತ್ತೇನೆ. ಬರುವ ಜನವರಿಯ ನಡಿಗೆಯಲ್ಲಿ ಹಿರೇಕೊಳಲೆ ರಸ್ತೆಯ ಅದೇ ತಿರುವನ್ನು ನನಗೆ ಕೊಡಬೇಕೆಂದು ಸಂಘಟಕರಲ್ಲಿ ಈಗಲೇ ಹೆಸರು ಬರೆಸಿದ್ದೇನೆ. ಎರಡು ದೊಡ್ಡ ಫ್ಲಾಸ್ಕ್ ಬಿಸಿನೀರು ನನ್ನ ಕಡೆಯಿಂದ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ಚಿಕ್ಕಮಗಳೂರು